ನಾಲ್ಕು ಸ್ಕ್ರೂ

ಮಂಗಳವಾರ ಒಂಬತ್ತಕ್ಕೆ ಗೇಟಿನ ಗಾಜಿಗೆ
ಒಳಗಿನಿಂದ ಒಂದು ಹಾಳೆ ಅಂಟಿಸಿದರು.
ಒಂಬತ್ತೂವರೆಗೆ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು
ಬಾಗಿಲು ತೋರಿಸಿದರು.

ಹಾಳೆಯಲ್ಲಿದ್ದದ್ದು ಇಷ್ಟು:
ಮುಖ್ಯ ಕಾರ್ಯನಿರ್ವಾಹಕ ಫ್ಯಾನ್‌ಶಾ ಅವರು
ಹೊಸ ಸವಾಲುಗಳನ್ನರಸಿ ಹೊರಟಿದ್ದಾರೆ.
ಕ್ರೀಡಾ ನಿರ್ದೇಶಕರು ಸಲಹೆಗಾರರಾಗಿ ಮೇಲೇರಿದ್ದಾರೆ,
ಮೇಲೆ ಅಂದರೆ ಎರಡನೇ ಮಹಡಿ, ಝೆರಾಕ್ಸ್ ಯಂತ್ರದ ಪಕ್ಕ.
ಮುಖ್ಯಸ್ಥರ ಕುರ್ಚಿಗೆ ಬಿಸ್ಕತ್ತು ಕಂಪನಿಯಿಂದ ಒಬ್ಬಾಕೆ,
ಫುಟ್‌ಬಾಲ್ ಎಂದರೆ ಬಾಲ್ಯದಿಂದಲೂ ಪ್ರಾಣವಂತೆ.

ಗೇಟಿನಾಚೆ ಜನ ಸೇರಿದರು.
ಆಟವಿರುವ ಶನಿವಾರಕ್ಕೂ ಇಷ್ಟು ಜನ ಬರುವುದಿಲ್ಲ
ಈ ಕಾಲ್ಡರ್‌ಶಾದಲ್ಲಿ.

"ಬಾಜ್," ಎಂದ ವಿಲ್ಫ್ ಓರ್ಮರಾಡ್.
ಬಸವಲಿಂಗ ಎಂಬ ನಾನು ಇಂಗ್ಲೆಂಡಿಗೆ ಬಂದ ವಾರದಲ್ಲೇ
ಇವನ ಬಾಯಲ್ಲಿ ಬಾಜ್ ಆದೆ.
ಇಪ್ಪತ್ತಾರು ವರ್ಷ. ದೂರೇನಿಲ್ಲ.
"ಬಾಜ್, ಒಳಗೆ ಯಾರಾದರೂ ಅತ್ತರಾ?"
"ಕಾಫಿ ಮೆಷೀನು ಸೋರುತ್ತಿದೆ, ಅಷ್ಟೇ" ಎಂದೆ.
ನಕ್ಕ. ಆಮೇಲೆ ನಗಲಿಲ್ಲ.
ಅವನಪ್ಪನ ಬೂದಿ ಉತ್ತರದ ಗೋಲಿನ ಹಿಂದಿದೆ.
ಮೈದಾನ ಮಾರುತ್ತಾರೆಂಬ ಗಾಳಿ ಎದ್ದಾಗಲೆಲ್ಲ
ಚಮಚ ಹಿಡಿದು ಬರುತ್ತೇನೆ ಎನ್ನುತ್ತಾನೆ.

ಟ್ಯಾಕ್ಸಿಯ ಜುಲ್ಫಿಕರ್ ಮೀಟರು ನಿಲ್ಲಿಸದೆ ಇಳಿದು ಬಂದ:
"ಅಳಿಯನನ್ನು ತೆಗೆದರಾ? ಮೊದಲು ಅದು ಹೇಳಿ."
ಹಿಂದಿನ ಸೀಟಿನ ಪ್ರಯಾಣಿಕನೂ ಇಳಿದ,
ಅವನಿಗೂ ಅದೇ ಬೇಕಿತ್ತು.
ಅಳಿಯ ಇದ್ದಾನೆ.
ಕೊನೆಯ ಸಾಲಿನಲ್ಲಿ, ಉದ್ದನೆಯ ಪದವಿಯೊಂದರ ಹಿಂದೆ,
ಸೆರಗು ಹಿಡಿದು ನಿಂತ ಮಗುವಿನ ಹಾಗೆ.

ಬ್ರಯೊನಿ ಹಳೆಯ ರಟ್ಟನ್ನೇ ತಂದಿದ್ದಳು.
'ತೊಲಗು ಫ್ಯಾನ್‌ಶಾ' ಎಂದಿದ್ದದ್ದರಲ್ಲಿ
ಹೆಸರಿಗೆ ಸುಣ್ಣ ಬಳಿದು ಜಾಗ ಬಿಟ್ಟಿದ್ದಳು.
'ತೊಲಗು' ಹಾಗೇ ಇತ್ತು, ದಪ್ಪಕ್ಕೆ.

ಎಲ್ಲಿ ಹೋದರೂ ರಾಗಿ ಬೀಸೋದು ತಪ್ಪಲಿಲ್ಲ,
ಇದನ್ನು ವಿಲ್ಫ್‌ಗೆ ಒಮ್ಮೆ ಬಿಡಿಸಿ ಹೇಳಿದ್ದೆ.
"ರಾಗಿ? ಯಾವ ತಂಡಕ್ಕೆ ಆಡ್ತಾನೆ?" ಎಂದಿದ್ದ.

ಬಾಗಿಲ ಮೇಲೆ ಹಿತ್ತಾಳೆಯ ಫಲಕ.
ಬಂದವರೆಲ್ಲ ತಮ್ಮದೇ ಅಳತೆಯದು ಮಾಡಿಸುತ್ತಾರೆ,
ಒಬ್ಬರ ತೂತು ಇನ್ನೊಬ್ಬರಿಗೆ ಒದಗುವುದಿಲ್ಲ.
ಎಂಟು ವರ್ಷಕ್ಕೆ ಐದು ಜನ, ಇಪ್ಪತ್ತು ತೂತು,
ಓಕ್ ಮರ ಜರಡಿಯಾಗಿದೆ.
ಬಿಸ್ಕತ್ತಿನಾಕೆಯ ಫಲಕ ಮಾತ್ರ ಅಂಟಿನದು.
ಹಿಂದಿನ ಕಾಗದ ಸುಲಿದು ಒತ್ತಿದರಾಯಿತು, ಸ್ಕ್ರೂ ಬೇಡ.
ಬುದ್ಧಿವಂತೆ ಇರಬೇಕು,
ಕೀಳುವುದೂ ಸುಲಭ.

ನಾಲ್ಕು ಸ್ಕ್ರೂ ನನ್ನ ಅಂಗೈಯಲ್ಲೇ ಉಳಿದವು.

ಹೊರಗೆ ಐಡಾ ಥ್ವೇಟ್ ಹಾಳೆ ಓದದೆ ನಿಂತಿದ್ದರು.
ಎಂಬತ್ತೊಂದು. ಪೂರ್ವ ಸ್ಟ್ಯಾಂಡು, ಕೆ ಸಾಲು, ತುದಿಯ ಸೀಟು.
"ಹೆಂಗಸರ ಕಕ್ಕಸಿನ ಚಿಲಕದ ಬಗ್ಗೆ ಏನಾದರೂ ಬರೆದಿದ್ದಾರಾ?"
ಇಲ್ಲ ಎಂದೆ.
ಮೂವರು ಮುಖ್ಯಸ್ಥರಿಗೆ ಪತ್ರ ಹಾಕಿದ್ದರಂತೆ,
ಮೂವರಿಗೂ ಅವರ ಅಭಿಪ್ರಾಯ ಅಮೂಲ್ಯವಾಗಿತ್ತಂತೆ.
"ಬಡ್ತಿ ಸಿಕ್ಕಿದ ಆ ಗೋಲು ಇದೆಯಲ್ಲ ಬಾಜ್,
ನಾನದನ್ನು ಕಂಡೇ ಇಲ್ಲ.
ಒಂದು ಕಾಲಲ್ಲಿ ಬಾಗಿಲು ಒತ್ತಿಕೊಂಡು
ಒಳಗಿಂದ ಬರೀ ಕೂಗು ಕೇಳಿದೆ."

ಇದು ನನ್ನದೇ ಕೆಲಸವಾಗಿತ್ತು.
ಚಿಲಕ ಎರಡು ವರ್ಷದಿಂದ ನನ್ನ ಡ್ರಾಯರಿನಲ್ಲಿತ್ತು,
ಸಹಿಗಾಗಿ ಕಾದಿತ್ತು ಚೀಟಿ,
ಸಹಿ ಮಾಡುವವರು ಬದಲಾಗುತ್ತಲೇ ಇದ್ದರು.
ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಗೇಟಿನಲ್ಲಿ ಘೋಷಣೆ ಶುರುವಾಯಿತು.
ಹೊಸ ಹೆಸರು ಇನ್ನೂ ಬಾಯಿಗೆ ಒಗ್ಗಿರಲಿಲ್ಲ,
ತೊಲಗು ಎಂದ ಮೇಲೆ ಒಬ್ಬೊಬ್ಬರೂ ಒಂದೊಂದು ಕೂಗಿದರು.
ನಾನು ಪೂರ್ವ ಸ್ಟ್ಯಾಂಡಿನ ಕೆಳಗೆ ಮಂಡಿಯೂರಿ
ಫ್ಯಾನ್‌ಶಾ ಅವರ ನಾಲ್ಕು ಹಿತ್ತಾಳೆ ಸ್ಕ್ರೂಗಳನ್ನು
ಒಂದೊಂದಾಗಿ ತಿರುಗಿಸಿದೆ.
ಅಳತೆ ಹೊಂದಿತು. ಚಿಲಕದ್ದು.

ಐಡಾ ಕೈಚೀಲ ನನಗೆ ಕೊಟ್ಟು ಒಳಗೆ ಹೋದರು.
ಚಿಲಕ ಹಾಕಿದ ಸದ್ದು.
ತೆಗೆದ ಸದ್ದು.
ಮತ್ತೆ ಹಾಕಿದ ಸದ್ದು.